46 ಪೀಸ್ ಸೆಟ್ಟಿನಲ್ಲಿ ಪಾನಾ ಎಷ್ಟು?

ವೀರನಹೊಸಹಳ್ಳಿ ಅಂದ ಕೂಡಲೇ ಮೈಸೂರು ಕಡೆಯವರಿಗೆ ನೆನಪಾಗೋದು ದಸರಾ ಆನೆಗಳ ಗಜಪಯಣ. ವರ್ಷಕ್ಕೊಂದು ದಿನ ಪೂಜೆ, ಭಾಷಣ, ಕ್ಯಾಮೆರಾ ಎಲ್ಲ ಬಂದು ಹೋಗುತ್ತೆ. ಉಳಿದ ದಿನಗಳಲ್ಲಿ ಅದು ನಾಗರಹೊಳೆ ಕಾಡಿನ ಬಾಗಿಲಲ್ಲಿರುವ, ಹುಣಸೂರು ತಾಲ್ಲೂಕಿನ ಒಂದು ಊರು. ಕತ್ತಲಾದ ಮೇಲೆ ಕಾಡಂಚಿನ ರಸ್ತೆಯಲ್ಲಿ ಬೈಕ್ ಕೈಕೊಟ್ಟರೆ ಅಲ್ಲಿ ನಿಂತು ಮೆಕ್ಯಾನಿಕ್‌ಗೆ ಕಾಯೋಕೆ ಯಾರಿಗೂ ಮನಸ್ಸು ಬರಲ್ಲ. ಹೊಗೆಸೊಪ್ಪು ಹದ ಮಾಡುವ ದಿನಗಳಲ್ಲಿ ಬ್ಯಾರನ್ ಕೆಲಸ ನಿಲ್ಲಿಸೋಕಾಗಲ್ಲ, ಬೆಳೆಗೆ ನೀರು ಬೇಕಾದಾಗ ಪಂಪ್‌ಸೆಟ್ ಬಿಟ್ಟು ಕೂರೋಕಾಗಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ನಾಲ್ಕು ಒಳ್ಳೆ ಪಾನಾ, ಒಂದು ಕಟಿಂಗ್ ಪ್ಲೇಯರ್, ಒಂದು ಸ್ಕ್ರೂ ಡ್ರೈವರ್ ಇರಲೇಬೇಕು ಅನ್ನೋದು ಇದಕ್ಕೇ.

ಈಗ ಇವನ್ನು ಕೊಳ್ಳೋರು ಹೆಚ್ಚಾಗಿ ಮಕ್ಕಳು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸದಲ್ಲಿರುವ ಮಗನೋ ಮಗಳೋ ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದು, "ಅಪ್ಪಂಗೆ ಒಂದು ಟೂಲ್ ಸೆಟ್ ಕಳಿಸೋಣ" ಅಂತ ಹುಡುಕ್ತಾರೆ. 499 ರೂಪಾಯಿಗೆ ಥಳಥಳ ಹೊಳೆಯೋ 46 ಪೀಸ್ ಸೆಟ್ ಕಾಣುತ್ತೆ. ಮೋಸ ಮಾಡುವ ಮಾರಾಟಗಾರನಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಇಲ್ಲ. ದುಡ್ಡು ಕೊಡೋರು ಒಂದು ಕಡೆ, ಪೆಟ್ಟಿಗೆ ಬಿಚ್ಚೋರು ಇನ್ನೊಂದು ಕಡೆ. "ಮಗ ಕಳಿಸಿದ್ದು, ಚೆನ್ನಾಗಿಲ್ಲ ಅಂತ ಹೇಗೆ ಹೇಳೋದು" ಅಂತ ಅಪ್ಪ ಸುಮ್ಮನಿರ್ತಾರೆ. ಅಷ್ಟರಲ್ಲಿ ರಿಟರ್ನ್ ಮಾಡುವ ದಿನ ಮುಗಿದಿರುತ್ತೆ.

ಕೊಳ್ಳುವ ಮೊದಲು ಏನು ನೋಡಬೇಕು ಅನ್ನೋದನ್ನು ಒಂದು ಮಾತಿನಲ್ಲಿ ಹೇಳಬಹುದು: ಸ್ಕ್ರೀನಿನ ಮೇಲಿನ ದೊಡ್ಡ ಅಂಕಿಗಳನ್ನು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ಹೆಸರು, ವಿಳಾಸ, ಅಳತೆ ಓದಿ. ನಮ್ಮನ್ನು ದಾರಿ ತಪ್ಪಿಸೋದು ಅಂಕಿ. ತೊಂದರೆ ಆದಾಗ ಕಾಪಾಡೋದು ವಿಳಾಸ.

ಪೀಸ್ ಎಣಿಸೋ ಆಟ

ಮೊದಲು ಆ 46 ಪೀಸನ್ನೇ ಬಿಚ್ಚಿ ನೋಡೋಣ. ಈ ಹೆಸರಿನಲ್ಲಿ ಬರುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ರ‍್ಯಾಚೆಟ್ ಹಿಡಿ, 4 ಎಂ.ಎಂ.ನಿಂದ 14 ಎಂ.ಎಂ. ತನಕ ಸುಮಾರು ಹದಿಮೂರು ಸಾಕೆಟ್, ಒಂದೆರಡು ರಾಡ್, ಅಲೆನ್ ಕೀ ಇರ್ತವೆ. ಉಳಿದದ್ದು ಬಹುಪಾಲು ಸ್ಕ್ರೂ ತಿರುಗಿಸುವ ಪುಟ್ಟ ಬಿಟ್‌ಗಳು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಟ್ ಕೂಡ ಒಂದು ಪೀಸ್, ರ‍್ಯಾಚೆಟ್ಟೂ ಒಂದು ಪೀಸ್. ನಮ್ಮ ಕಡೆ ಪಾನಾ ಅಂತ ಕರೆಯೋದು ಅದರಲ್ಲಿ ಒಂದೂ ಇರಲ್ಲ!

ಸೆಟ್ ಕೆಟ್ಟದ್ದು ಅಂತಲ್ಲ. ಸ್ಕೂಟರಿನ ಸಣ್ಣ ಬೋಲ್ಟು, ಮಿಕ್ಸಿ, ಸೈಕಲ್ ಇಂಥವಕ್ಕೆ ಅದು ಸಾಕು. ಆದರೆ ಕಾರಿನ ಚಿತ್ರ ಹಾಕಿ ಮಾರ್ತಾರಲ್ಲ, ಅಲ್ಲಿದೆ ಮೋಸ. ಕಾರಿನ ಚಕ್ರದ ನಟ್ಟು ಸಾಮಾನ್ಯವಾಗಿ 17, 19 ಅಥವಾ 21 ಎಂ.ಎಂ. ಇರುತ್ತೆ. ಸೆಟ್ಟಿನ ಸಾಕೆಟ್ 14ಕ್ಕೇ ಮುಗಿಯಿತು. ಮೇಲಾಗಿ ಸಾಕೆಟ್ ಕೂರುವ ಚೌಕದ ಅಳತೆ ಕಾಲು ಇಂಚು. ಸಣ್ಣ ಕಾರಿನ ಚಕ್ರದ ನಟ್ಟನ್ನು ಬಿಗಿ ಮಾಡೋದೇ ಸುಮಾರು 100 ನ್ಯೂಟನ್ ಮೀಟರ್ ಬಲದಲ್ಲಿ. ಅದಕ್ಕೆ ಅರ್ಧ ಇಂಚಿನ ಹಿಡಿ ಬೇಕು. ಕಾಲು ಇಂಚಿನ ರ‍್ಯಾಚೆಟ್ ಮೇಲೆ ಅಷ್ಟು ಬಲ ಹಾಕಿದರೆ ಒಳಗಿನ ಹಲ್ಲು ಜಾರುತ್ತೆ, ಜೊತೆಗೆ ನಿಮ್ಮ ಕೈಯೂ ಜಾರಿ ಬೆರಳ ಗೆಣ್ಣು ಕಿತ್ತು ಬರುತ್ತೆ.

ಹಾಗಾಗಿ ಪೀಸ್ ಎಷ್ಟು ಅಂತ ಕೇಳಬೇಡಿ. ಮನೆಯಲ್ಲಿರುವ ಬೈಕ್, ಪಂಪು, ಟಿಲ್ಲರ್ ನೋಡಿಕೊಂಡು ಯಾವ ಅಳತೆ ಬೇಕು ಅಂತ ಅಪ್ಪನನ್ನೇ ಕೇಳಿ. ಅವರು "10-11, 12-13, 14-15, 16-17 ಸಾಕು ಕಣಪ್ಪ" ಅಂತ ಪಟಪಟ ಹೇಳ್ತಾರೆ. ಈ ನಾಲ್ಕು ಒಳ್ಳೆ ಡಬಲ್ ಎಂಡ್ ಪಾನಾ, ಬಳಸದೆ ಬಿದ್ದಿರುವ ನಲವತ್ತಾರು ಪೀಸಿಗಿಂತ ಮೇಲು.

ಉಕ್ಕಿನ ಮೇಲಿನ ಅಕ್ಷರ

"ಸಿಆರ್-ವಿ" ಅಂತ ಕೊರೆದಿರೋದನ್ನು ನೀವು ನೋಡಿರ್ತೀರಿ. ಕ್ರೋಮ್ ವನೇಡಿಯಂ ಉಕ್ಕು ಅಂತ ಅರ್ಥ. ಉಕ್ಕಿಗೆ ಸ್ವಲ್ಪ ಕ್ರೋಮಿಯಂ, ವನೇಡಿಯಂ ಸೇರಿಸಿದರೆ ಗಟ್ಟಿತನದ ಜೊತೆ ಬಾಗದ, ಬಿರಿಯದ ಗುಣ ಬರುತ್ತೆ. ಆದರೆ ಬರೀ ಉಕ್ಕು ಒಳ್ಳೆಯದಾದರೆ ಸಾಲದು, ಅದನ್ನು ಕಾಯಿಸಿ ತಣಿಸಿ ಸರಿಯಾಗಿ ಹದ ಕೊಟ್ಟಿರಬೇಕು. ಕೊರೆದ ಅಕ್ಷರ ಹದದ ಬಗ್ಗೆ ಏನೂ ಹೇಳಲ್ಲ. ಹದ ತಪ್ಪಿದ ಪಾನಾದ ಬಾಯಿ ಗಟ್ಟಿ ನಟ್ಟಿನ ಮೇಲೆ ಅಗಲವಾಗುತ್ತೆ, ನಟ್ಟಿನ ಮೂಲೆ ಸವೆದು ಗುಂಡಗಾಗುತ್ತೆ. ಆಮೇಲೆ ಆ ನಟ್ಟನ್ನು ಉಳಿ ಹಾಕಿ ಒಡೆದು ತೆಗೀಬೇಕು. ಪಾನಾದಲ್ಲಿ ಉಳಿಸಿದ ದುಡ್ಡು ಅಲ್ಲಿಗೆ ಹೋಯ್ತು.

ಅಯಸ್ಕಾಂತ ಇಟ್ಟು ನೋಡೋದರಿಂದ ಉಪಯೋಗವಿಲ್ಲ, ಅದು ಕಳಪೆ ಉಕ್ಕಿಗೂ ಅಂಟಿಕೊಳ್ಳುತ್ತೆ. ಐಎಸ್‌ಐ ಗುರುತು ಇದೆ ಅಂದರೆ ಅದನ್ನು ಪರೀಕ್ಷಿಸಬಹುದು. ಗುರುತಿನ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಲೈಸೆನ್ಸ್ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತೆ.

ಇನ್ನೊಂದು ವಿಷಯದಲ್ಲಿ ದಯವಿಟ್ಟು ಉಳಿತಾಯ ನೋಡಬೇಡಿ. ಕಟಿಂಗ್ ಪ್ಲೇಯರಿನ ಹಿಡಿಗೆ ಬಣ್ಣದ ಪ್ಲಾಸ್ಟಿಕ್ ತೊಡಿಸಿದ ಮಾತ್ರಕ್ಕೆ ಅದು ಕರೆಂಟ್ ತಡೆಯುತ್ತೆ ಅಂತಲ್ಲ. ವಿದ್ಯುತ್ ಕೆಲಸಕ್ಕೆಂದೇ ಪರೀಕ್ಷಿಸಿ ಮಾಡಿದ ಪ್ಲೇಯರಿನ ಮೇಲೆ ಜೋಡಿ ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಅಂತ ಇರುತ್ತೆ. ಫೋಟೋ ದೊಡ್ಡದು ಮಾಡಿ ಅದನ್ನು ಹುಡುಕಿ. ಇಲ್ಲದಿದ್ದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಹತ್ತಿರ ಅದನ್ನು ಒಯ್ಯಬಾರದು. ಇದ್ದರೂ ಮೇನ್ ಆಫ್ ಮಾಡಿಯೇ ಕೈ ಹಾಕಬೇಕು.

98 ವೋಲ್ಟ್ ಅನ್ನೋ ಮಾಯೆ

ನಟ್ಟು ಬಿಚ್ಚುವ ಬ್ಯಾಟರಿ ಮಷಿನ್‌ಗಳಿಗೂ ಈಗ ಜನ ಮರುಳಾಗ್ತಿದ್ದಾರೆ. "48", "88", "98" ಅಂತ ದೊಡ್ಡದಾಗಿ ಬರೆದು ಪಕ್ಕದಲ್ಲಿ "ವಿಎಫ್" ಅಂತ ಸಣ್ಣದಾಗಿ ಸೇರಿಸಿರ್ತಾರೆ. ವೋಲ್ಟ್ ಅಂತ ನಾವೇ ಓದಿಕೊಳ್ಳಲಿ ಅಂತ. ಒಂದು ಲಿಥಿಯಂ ಸೆಲ್ ಕೊಡೋದು ಸುಮಾರು 3.6 ವೋಲ್ಟ್. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ 4.2 ವೋಲ್ಟ್, ಐದಕ್ಕೆ 21. ಅಂದರೆ ಐದು ಸೆಲ್ಲಿನ "18 ವೋಲ್ಟ್" ಮತ್ತು "21 ವೋಲ್ಟ್" ಬ್ಯಾಟರಿ ಎರಡೂ ಒಂದೇ. ನಿಜವಾದ 98 ವೋಲ್ಟ್ ಬೇಕಾದರೆ ಇಪ್ಪತ್ತೇಳು ಸೆಲ್ ಸಾಲಾಗಿ ಜೋಡಿಸಬೇಕು. ಫೋಟೋದಲ್ಲಿ ಮುಷ್ಟಿಯಷ್ಟಿರುವ ಬ್ಯಾಟರಿಯೊಳಗೆ ಅಷ್ಟು ಹಿಡಿಯುತ್ತಾ, ನೀವೇ ಲೆಕ್ಕ ಹಾಕಿ.

ಮಾರೋನು ಯಾರು?

ವಸ್ತುವಿನ ಪುಟದಲ್ಲಿ "ಸೋಲ್ಡ್ ಬೈ" ಅಂತ ಒಂದು ಸಾಲಿರುತ್ತೆ. ನಾವು ಆ್ಯಪ್‌ನ ಹೆಸರು ನೋಡಿ ಕೊಳ್ತೀವಿ, ಮಾರೋನು ಆ ಸಾಲಿನಲ್ಲಿರೋನು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರನ ವ್ಯವಹಾರದ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರ್ ನಿಮಗೆ ಕಾಣುವಂತೆ ಇರಬೇಕು. ಯಾವ ದೇಶದಲ್ಲಿ ತಯಾರಾದದ್ದು ಅನ್ನೋದೂ ಇರಬೇಕು. ಆ ಹೆಸರಿನ ಮೇಲೆ ಒತ್ತಿ, ಓದಿ. ಜಿಎಸ್‌ಟಿ ಸಂಖ್ಯೆ ಸಿಕ್ಕರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹುಡುಕಬಹುದು. ಯಾರ ಹೆಸರು, ಎಲ್ಲಿಯ ಅಂಗಡಿ, ಯಾವತ್ತು ನೋಂದಣಿ ಆಯ್ತು ಅಂತ ಬರುತ್ತೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಪಂಜಾಬ್ 03, ದೆಹಲಿ 07. ಜಲಂಧರ್, ಲೂಧಿಯಾನಗಳು ಪಾನಾ ತಯಾರಿಕೆಗೆ ಹೆಸರಾದ ಊರುಗಳು, ಅಲ್ಲಿಂದ ಬಂದರೆ ಆಶ್ಚರ್ಯವೇನಿಲ್ಲ. ಆದರೆ "ನಮ್ಮದೇ ಮೈಸೂರಿನ ಫ್ಯಾಕ್ಟರಿ" ಅಂದವನ ಸಂಖ್ಯೆ 07ರಿಂದ ಶುರುವಾದರೆ ಕೇಳಬೇಕಾದ ಪ್ರಶ್ನೆ ಇದೆ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಜಾಹೀರಾತಿನಿಂದ ಸೀದಾ ಯಾವುದೋ ಸೈಟಿಗೆ ಹೋಗುವ ಅಂಗಡಿಗಳಲ್ಲಿ ಇಷ್ಟೂ ಇರಲ್ಲ. "ಫ್ಯಾಕ್ಟರಿ ಮುಚ್ಚುತ್ತಿದೆ, ಇವತ್ತೇ ಕೊನೆ" ಅಂತ ಗಡಿಯಾರ ಓಡ್ತಿರುತ್ತೆ. ನಾಳೆ ನೋಡಿದರೂ ಅದೇ ಗಡಿಯಾರ. ಹೀಗೆ ಸುಳ್ಳು ಅವಸರ ಹುಟ್ಟಿಸೋದನ್ನು 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿಗೆ ಸೇರಿಸಿದೆ. ಹೆಸರು, ವಿಳಾಸ ಇಲ್ಲದ ಕಡೆ, ಕ್ಯಾಶ್ ಆನ್ ಡೆಲಿವರಿ ಇದ್ದರೂ ಆರ್ಡರ್ ಮಾಡಬೇಡಿ. ಸಾಮಾನ್ಯವಾಗಿ ದುಡ್ಡು ಕೊಟ್ಟ ಮೇಲೇ ಪೆಟ್ಟಿಗೆ ಬಿಚ್ಚೋಕೆ ಬಿಡೋದು.

ರಿಯಾಯಿತಿ, ರಿವ್ಯೂ

4,999 ಹೊಡೆದು ಹಾಕಿ 499 ಅಂತ ಬರೆದಿದ್ದರೆ ಮೇಲಿನ ಅಂಕಿ ಮರೆತುಬಿಡಿ. ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಾರದು ಅಷ್ಟೇ, ಆ ಎಂಆರ್‌ಪಿ ಎಷ್ಟು ಅಂತ ಬರೆದದ್ದು ಅವರೇ. ಹುಣಸೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಬ್ರ್ಯಾಂಡಿನ ಅದೇ ಅಳತೆ ಎಷ್ಟು ಅಂತ ಅಪ್ಪನಿಗೆ ಒಂದು ಮಾತು ಕೇಳೋಕೆ ಹೇಳಿ. ಐವತ್ತು ರೂಪಾಯಿ ವ್ಯತ್ಯಾಸ ಅಷ್ಟೇ ಆದರೆ ಅಲ್ಲೇ ತಗೊಳ್ಳಲಿ. ಕೈಯಲ್ಲಿ ಹಿಡಿದು, ತೂಕ ನೋಡಿ, ಬೋಲ್ಟಿಗೆ ಕೂರಿಸಿ ತರಬಹುದು.

ರಿವ್ಯೂ ಓದುವಾಗ ಐದು ಸ್ಟಾರ್‌ಗಳನ್ನು ಬಿಟ್ಟು ಎರಡು, ಮೂರು ಸ್ಟಾರ್ ಕೊಟ್ಟವರನ್ನು ಓದಿ, ಹೊಸದರಿಂದ ಹಳೆಯದಕ್ಕೆ. ಪಾನಾ ಸೆಟ್ಟಿನ ಕೆಳಗೆ "ಬಣ್ಣ ಚೆನ್ನಾಗಿದೆ, ಮಗುವಿಗೆ ಸರಿಯಾಯ್ತು" ಅಂತ ಇದ್ದರೆ ಬೇರೆ ವಸ್ತುವಿನ ರಿವ್ಯೂ ಪುಟಕ್ಕೆ ಪಾನಾ ಅಂಟಿಸಿದ್ದಾರೆ ಅಂತ ಅರ್ಥ. ಮಾರೋನೇ ಗ್ರಾಹಕನ ವೇಷ ಹಾಕಿ ರಿವ್ಯೂ ಬರೆಯೋದು ಅದೇ 2020ರ ನಿಯಮಗಳಲ್ಲಿ ನಿಷಿದ್ಧ.

ಪೆಟ್ಟಿಗೆ ಮನೆಗೆ ಬಂದ ಮೇಲೆ

ಆರ್ಡರ್ ಮಾಡುವಾಗಲೇ ಅಪ್ಪ, ಅಮ್ಮನಿಗೆ ಹೇಳಿಡಿ: "ನಾನು ವಿಡಿಯೊ ಕಾಲ್ ಮಾಡೋ ತನಕ ಬಿಚ್ಚಬೇಡಿ". ಪೆಟ್ಟಿಗೆಯ ಮೇಲಿನ ಚೀಟಿ ಕಾಣುವ ಹಾಗೆ ಶುರುಮಾಡಿ, ಬಿಚ್ಚೋದನ್ನು ಪೂರ್ತಿ ರೆಕಾರ್ಡ್ ಮಾಡಿ. ಒಂದು ಅಳತೆ ಗೊತ್ತಿರುವ ಬೋಲ್ಟ್ ಹಿಡಿದು ಪಾನಾ ಕೂರಿಸಿ ನೋಡಲಿ, ಅಲ್ಲಾಡಬಾರದು. ಅರ ಹಾಕಿ ಉಜ್ಜಿ ಪರೀಕ್ಷೆ ಮಾಡೋದು ಬೇಡ. ಗೀರು ಬಿದ್ದದ್ದನ್ನು ವಾಪಸ್ ತಗೊಳ್ಳಲ್ಲ ಅಂತ ತಕರಾರು ಬರುತ್ತೆ. ರಿಟರ್ನ್‌ನ ಕೊನೆ ದಿನವನ್ನು ನಿಮ್ಮ ಫೋನಿನಲ್ಲಿ ಅಲಾರಂ ಇಡಿ.

"ನೋ ರಿಟರ್ನ್" ಅಂತ ಬರೆದಿದ್ದರೂ ಸುಮ್ಮನಾಗಬೇಡಿ. ವಸ್ತು ದೋಷದ್ದು, ನಕಲಿ, ಅಥವಾ ಪುಟದಲ್ಲಿ ಹೇಳಿದ ಗುಣ ಇಲ್ಲದ್ದು ಆದರೆ ವಾಪಸ್ ತಗೊಳ್ಳೋಕೆ ಮಾರಾಟಗಾರ ನಿರಾಕರಿಸುವಂತಿಲ್ಲ. ಮೊದಲು ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವನ ಊರಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಫೋನಿನಿಂದಲೇ ಸಲ್ಲಿಸಬಹುದು. ಎರಡು ವರ್ಷದ ಒಳಗೆ ಮಾಡಬೇಕು.

ದೂರಿನಿಂದ ಏನೂ ಆಗಲ್ಲ ಅನ್ನೋರಿಗೆ ಒಂದು ಉದಾಹರಣೆ. ನಿಗದಿತ ಗುಣಮಟ್ಟಕ್ಕೆ ಹೊಂದದ ಪ್ರೆಷರ್ ಕುಕ್ಕರ್‌ಗಳನ್ನು ಮಾರಲು ಬಿಟ್ಟಿದ್ದಕ್ಕೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗೆ ತಲಾ 1 ಲಕ್ಷ ದಂಡ ಹಾಕಿ, ಕೊಂಡವರಿಗೆ ಹಣ ವಾಪಸ್ ಕೊಡಿ ಅಂತ ಆದೇಶ ಮಾಡಿತ್ತು. "ಮಾರಿದ್ದು ನಾವಲ್ಲ, ಬೇರೆ ಸೆಲ್ಲರ್" ಅನ್ನೋ ಮಾತು ಅಲ್ಲಿ ನಡೆಯಲಿಲ್ಲ.

ಕೊನೆಯದಾಗಿ, "ರಿಫಂಡ್ ಕೊಡ್ತೀವಿ" ಅಂತ ಯಾರಾದರೂ ಫೋನ್ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ, ಈ ಆ್ಯಪ್ ಹಾಕಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಬರೋಕೆ ಯುಪಿಐ ಪಿನ್ ಬೇಕಾಗಲ್ಲ. ಇದನ್ನು ಊರಿನಲ್ಲಿರುವ ಹಿರಿಯರಿಗೂ ಹೇಳಿಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಒಳ್ಳೆ ಪಾನಾ ಒಂದು ಸಲ ತಂದರೆ ಅಪ್ಪನ ಕೈಯಿಂದ ಮಗನ ಕೈಗೆ ಬರುತ್ತೆ. ಅಂಥದ್ದನ್ನು ಕೊಳ್ಳೋಕೆ ಫೋನಿನಲ್ಲಿ ಹತ್ತು ನಿಮಿಷ ಹೆಚ್ಚು ಕಳೆದರೆ ನಷ್ಟವೇನಿಲ್ಲ.