ಹೃದ್ರೋಗಕ್ಕೆ ಜಿಲ್ಲೆ ದಾಟಬೇಕೆ?

ಉತ್ತರ ಕನ್ನಡ ಜಿಲ್ಲೆಯ ನಕಾಶೆಯನ್ನು ಕರಿಹಲಗೆಯ ಮೇಲೆ ಎಷ್ಟು ಬಾರಿ ಬಿಡಿಸಿದ್ದೇನೋ ಲೆಕ್ಕವಿಲ್ಲ. ಪಶ್ಚಿಮಕ್ಕೆ ಕಡಲು, ನಡುವೆ ಘಟ್ಟ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು. ಮಕ್ಕಳಿಗೆ ಇದನ್ನು ನಿಸರ್ಗದ ಕೊಡುಗೆಯೆಂದೇ ಹೇಳಿಕೊಟ್ಟೆವು. ಎದೆನೋವು ಕಾಣಿಸಿಕೊಂಡವನ ಮನೆಯವರಿಗೆ ಮಾತ್ರ ಈ ಚೆಲುವು ಬೇರೆಯಾಗಿಯೇ ತೋರುತ್ತದೆ. ಶಿರಸಿಯವರು ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ, ಕಾರವಾರದವರು ಗೋವೆಗೆ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರುಗಳಿಗೆ ಓಡುವುದು ಇಲ್ಲಿಯ ರೂಢಿ.

ರಕ್ತನಾಳ ಮುಚ್ಚಿದ ಗಳಿಗೆಯಿಂದ ಹೃದಯದ ಸ್ನಾಯು ಸಾಯತೊಡಗುತ್ತದೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಮುಂದೆ ಕಳುಹಿಸಬೇಕು. ನನ್ನ ಸಹೋದ್ಯೋಗಿಯೊಬ್ಬರು, ಗಣಿತದ ಮೇಷ್ಟ್ರು, ಮಳೆಗಾಲದ ಒಂದು ರಾತ್ರಿ ಎರಡನ್ನೂ ಕಾಣದೆ ದಾರಿಯಲ್ಲಿಯೇ ತೀರಿಕೊಂಡರು. ಅವರಿಗಾಗ ಐವತ್ತೊಂದು ವರ್ಷ.

2019ರ ಜೂನ್‌ನಲ್ಲಿ ಜಿಲ್ಲೆಯ ತರುಣರು ಸುಸಜ್ಜಿತ ಆಸ್ಪತ್ರೆಗಾಗಿ ಸಾಮಾಜಿಕ ಜಾಲತಾಣಗಳಲ್ಲಿ ದನಿಯೆತ್ತಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಅಸುನೀಗಿದಾಗ ಆ ಕೂಗು ಮತ್ತೆ ಕೇಳಿಸಿತು. ಕೂಗು ನ್ಯಾಯವಾದುದೇ. ಆದರೆ ನಮ್ಮವರ ಬೇಡಿಕೆ ಬಹುಮಟ್ಟಿಗೆ ಕಟ್ಟಡದ ಸುತ್ತಲೇ ಗಿರಕಿ ಹೊಡೆಯುತ್ತದೆಂಬುದು ನನ್ನ ಅಸಮಾಧಾನ. (ಶಂಕುಸ್ಥಾಪನೆಯ ಕಲ್ಲುಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ.)

ಹೃದ್ರೋಗ ತಜ್ಞನೊಬ್ಬ ತಯಾರಾಗಲು ಎಂ.ಬಿ.ಬಿ.ಎಸ್.ಗೆ ಐದೂವರೆ, ಎಂ.ಡಿ.ಗೆ ಮೂರು, ಡಿ.ಎಂ.ಗೆ ಮೂರು, ಒಟ್ಟು ಹನ್ನೊಂದೂವರೆ ವರ್ಷ ಬೇಕು. ಅಷ್ಟು ಓದಿದವರು ಕ್ಯಾಥ್‌ಲ್ಯಾಬ್ ಇಲ್ಲದೆಡೆ ಬಂದು ಮಾಡುವುದಾದರೂ ಏನು? ಲ್ಯಾಬ್ ಇದ್ದರೂ ಒಬ್ಬರಿಂದ ಹಗಲಿರುಳು ನಡೆಯದು. ಮೂರ್ನಾಲ್ಕು ಮಂದಿ ತಜ್ಞರು, ನುರಿತ ತಂತ್ರಜ್ಞರು, ದಾದಿಯರು ಬೇಕು. ವಿಜ್ಞಾನ ಶಿಕ್ಷಕರನ್ನು ಒಂಟಿಯಾಗಿ ಕುಗ್ರಾಮಕ್ಕೆ ವರ್ಗಾಯಿಸಿ, ಆರು ತಿಂಗಳಲ್ಲಿ ಅವರು ವಶೀಲಿ ಹಚ್ಚಿ ಹೊರಟುಹೋದದ್ದನ್ನು ಕಂಡ ನನಗೆ ಇದು ಹೊಸ ಪಾಠವಲ್ಲ. ತಿಂಗಳಿಗೆರಡು ದಿನ ಬಂದುಹೋಗುವ ತಜ್ಞರ ಫಲಕಗಳು ಪೇಟೆಯಲ್ಲಿವೆ. ಹೃದಯಾಘಾತ ಪಂಚಾಂಗ ನೋಡಿ ಬರುತ್ತದೆಯೇ?

ಆದ್ದರಿಂದಲೇ 2021ರಲ್ಲಿ 46ನೆಯ ವಯಸ್ಸಿಗೇ ಅಗಲಿದ ಪುನೀತ್ ರಾಜಕುಮಾರ್ ಹೆಸರಿನಲ್ಲಿ, 2023ರಲ್ಲಿ ಆರಂಭವಾದ ಹೃದಯಜ್ಯೋತಿ ಯೋಜನೆ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ. ಚಿಕ್ಕ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಆದರೆ ಇದು ತಜ್ಞರಿಗೆ ಬದಲಿಯಲ್ಲ; ಚುಚ್ಚುಮದ್ದಿನ ನಂತರವೂ ರೋಗಿ ಕ್ಯಾಥ್‌ಲ್ಯಾಬ್ ಇರುವಲ್ಲಿಗೆ ಹೋಗಲೇಬೇಕು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವದಂಥ ಸಂಸ್ಥೆಯ ತಂಡವೊಂದನ್ನು, ಸರದಿಯ ಮೇಲಾದರೂ, ನಮ್ಮ ಜಿಲ್ಲೆಯಲ್ಲಿ ಕಾಯಂ ನೆಲೆಗೊಳಿಸಲು ಏನು ಅಡ್ಡಿ?

ಮತ ಕೇಳಲು ಬರುವವರನ್ನು ಆಸ್ಪತ್ರೆ ಯಾವಾಗ ಎಂದು ಕೇಳುವ ಜೊತೆಗೆ ಇನ್ನೊಂದನ್ನೂ ಕೇಳೋಣ: ರಾತ್ರಿ ಎರಡು ಗಂಟೆಗೆ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಆ ಚುಚ್ಚುಮದ್ದು ಕೊಡಲು ಯಾರಿರುತ್ತಾರೆ?