ಹಾಜರಿ ಪುಸ್ತಕದಿಂದ ಜಾರಿದ ಹುಡುಗರು

ಹದಿನೈದರ ಹುಡುಗನೊಬ್ಬ ಮೊಬೈಲ್ ಕದ್ದು ಸಿಕ್ಕಿಬಿದ್ದರೆ ಬೀದರ್ ಜಿಲ್ಲೆಯ ಹಲಬರ್ಗಾ, ಭಾಲ್ಕಿ, ಔರಾದ ಕಡೆಯ ಕಟ್ಟೆಗಳ ಮೇಲೆ ಕೇಳಿಬರುವ ಮೊದಲ ಮಾತು ಒಂದೇ: ‘ಒಮ್ಮಿ ಸ್ಟೇಷನ್ ಕಟ್ಟಿ ಏರಸ್ರಿ, ತಾನೇ ಸುದ್ದ ಆಗ್ತಾನ.’ ಹೇಳುವವರ ಮನಸ್ಸಿನಲ್ಲಿ ಹಗೆ ಇರುವುದಿಲ್ಲ. ಎಷ್ಟೋ ಸಲ ಹೆತ್ತ ತಂದೆಯೇ ಬೇಸತ್ತು ಈ ಮಾತು ಆಡುತ್ತಾನೆ. ಆದರೆ ಹೆದರಿಸಿ ತಿದ್ದುವ ಈ ಉಪಾಯ ಫಲಿಸುವುದಿಲ್ಲ, ತಿರುಗುಬಾಣವಾಗುತ್ತದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1970ರ ದಶಕದಲ್ಲಿ ದಾರಿ ತಪ್ಪುತ್ತಿದ್ದ ಹುಡುಗರನ್ನು ಅಲ್ಲಿನ ರಾವೇ ಜೈಲಿಗೆ ಕರೆದೊಯ್ದು, ಜೀವಾವಧಿ ಕೈದಿಗಳಿಂದ ಬೈಸಿ, ಬೆದರಿಸಿ ಮನೆಗೆ ಕಳಿಸುತ್ತಿದ್ದರು. ಆ ಕುರಿತ ಸಾಕ್ಷ್ಯಚಿತ್ರಕ್ಕೆ 1979ರಲ್ಲಿ ಆಸ್ಕರ್ ಕೂಡ ಬಂತು. ಹತ್ತಾರು ಊರುಗಳು ಅದನ್ನೇ ಅನುಕರಿಸಿದವು. ಆಮೇಲೆ ಸಂಶೋಧಕರು ಇಂಥ ಕಾರ್ಯಕ್ರಮಗಳ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತಾಳೆ ನೋಡಿದಾಗ, ಜೈಲು ನೋಡಿಬಂದ ಹುಡುಗರೇ ನೋಡದ ಹುಡುಗರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಗೊತ್ತಾಯಿತು.

ಹುಡುಗ ಠಾಣೆಯ ಕಟ್ಟೆ ಏರುವುದಕ್ಕೆ ತಿಂಗಳುಗಳ ಮೊದಲೇ ಸಾಮಾನ್ಯವಾಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಬೀಳತೊಡಗಿರುತ್ತದೆ. ತಡೆಯುವ ಕೆಲಸ ಶುರುವಾಗಬೇಕಾದದ್ದು ಅಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಅಪ್ರಾಪ್ತರ ವಿರುದ್ಧ ದಾಖಲಾದ ಪ್ರಕರಣಗಳು 30,555. ಸಿಕ್ಕಿಬಿದ್ದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ 16ರಿಂದ 18ರೊಳಗಿನವರು. ಇವರೆಲ್ಲ ಹಿಂದುಮುಂದಿಲ್ಲದ ಅನಾಥರು ಎಂದುಕೊಂಡರೆ ತಪ್ಪು. ಬಹುತೇಕರು ಹೆತ್ತವರ ಜೊತೆಯಲ್ಲೇ, ನಮ್ಮ ನಿಮ್ಮ ಓಣಿಗಳಲ್ಲೇ ಇದ್ದವರು.

ಈ ವಯಸ್ಸಿನವರನ್ನು ಕಾನೂನೇ ನಡುದಾರಿಯಲ್ಲಿ ಕೈಬಿಟ್ಟಿದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷೆ 6ರಿಂದ 14 ವರ್ಷದವರೆಗೆ ಮಾತ್ರ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ದಾಟಿದವರನ್ನು ಅಪಾಯಕಾರಿ ಕೆಲಸಗಳಿಂದಷ್ಟೇ ದೂರವಿಟ್ಟಿತು. ಹೀಗಾಗಿ ಎಂಟನೇ ಇಯತ್ತೆ ಮುಗಿಸಿದ ಹುಡುಗನನ್ನು ಓದಲೇಬೇಕೆಂದು ಹಿಡಿದಿಡುವ ಕಾನೂನಿಲ್ಲ, ಗ್ಯಾರೇಜಿಗೋ ಹೋಟೆಲಿಗೋ ಹೋಗಬೇಡವೆನ್ನುವವರೂ ಕಡಿಮೆ. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಮುಗಿಯಿತೆಂದರೆ ಪ್ರೌಢಶಾಲೆಗೆ ಹಲಬರ್ಗಾದಂಥ ಹೋಬಳಿ ಊರಿಗೆ ಬರಬೇಕು. ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ಮರಾಠಿ ಮಾಧ್ಯಮದಲ್ಲಿ ಕಲಿತ ಮಕ್ಕಳು ಎಷ್ಟೋ ಇದ್ದಾರೆ. ಮುಂದೆ ಭಾಷೆ ಬದಲಾದಾಗ ಅವರ ತೊಡಕು ಇನ್ನೂ ದೊಡ್ಡದು. ಅದರ ಮೇಲೆ ದುಡಿಮೆಗೆಂದು ಹೈದರಾಬಾದಿಗೋ ಪುಣೆಗೋ ಹೋದ ತಂದೆತಾಯಿ. ಊರಲ್ಲಿ ಉಳಿದ ಅಜ್ಜಿಗೆ ಮೊಮ್ಮಗ ಶಾಲೆಗೆ ಹೋದನೋ ರೈಲ್ವೆ ಸ್ಟೇಷನ್ನಿಗೆ ಹೋದನೋ ತಿಳಿಯುವ ದಾರಿಯೇ ಇರುವುದಿಲ್ಲ.

ಹತ್ತನೇ ಇಯತ್ತೆಯ ಫಲಿತಾಂಶದ ದಿನ ಇನ್ನೊಂದು ದೊಡ್ಡ ಗುಂಪು ಜಾರುತ್ತದೆ. 2025ರ ಮೊದಲ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 66.14. ಕಲಬುರಗಿ ಶೇ 42.43ರೊಂದಿಗೆ ಕೊನೆಗೆ ಬಿತ್ತು; ಬೀದರ್ ಕೂಡ ಕೆಳಗಿನ ಸಾಲಿನಲ್ಲೇ ಇತ್ತು. ಪತ್ರಿಕೆಗಳು ರ‍್ಯಾಂಕ್ ಬಂದವರ ಫೋಟೊ ಹಾಕುತ್ತವೆ. ನಪಾಸಾದ ಹದಿನಾರರ ಹುಡುಗರು ಆ ಜೂನ್‌ನಲ್ಲಿ ಎಲ್ಲಿದ್ದಾರೆಂದು ಯಾರೂ ಕೇಳುವುದಿಲ್ಲ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಪದ್ಧತಿ ಬಂದದ್ದು ಒಳ್ಳೆಯದೇ. ಆದರೆ ಎರಡನೇ ಪರೀಕ್ಷೆಗೆ ಕೂತು ಓದಲು ಅವರಿಗೆ ಜಾಗ, ಮೇಷ್ಟ್ರು, ಬೆನ್ನು ತಟ್ಟುವ ಒಂದು ಕೈ ಬೇಕಲ್ಲ.

ಜಾರಿದವರನ್ನು ಮೇಲೆತ್ತುವುದು ಬೀದರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. 1989ರಲ್ಲಿ ಅಬ್ದುಲ್ ಖದೀರ್ ಬೀದರಿನಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶುರುಮಾಡಿದ ಶಾಹೀನ್ ಶಾಲೆ ಮುಂದೆ ದೊಡ್ಡ ಶಿಕ್ಷಣ ಸಂಸ್ಥೆಯಾಗಿ ಬೆಳೆಯಿತು. ಶಾಲೆ ಬಿಟ್ಟವರನ್ನೂ ಮದರಸಾದಲ್ಲಷ್ಟೇ ಓದಿದವರನ್ನೂ ಸಣ್ಣ ಗುಂಪುಗಳಲ್ಲಿ ಕೂರಿಸಿ, ಗಣಿತ, ವಿಜ್ಞಾನದ ಅಕ್ಷರಾಭ್ಯಾಸದಿಂದ ಹಿಡಿದು ಮುಖ್ಯ ತರಗತಿಗೆ ಸೇರಿಸುವ ಕ್ರಮವನ್ನು ಅಲ್ಲಿ ರೂಪಿಸಿದ್ದಾರೆ.

ಕಾನೂನು ವ್ಯವಸ್ಥೆ ಮಕ್ಕಳ ಮುಂದೆ ಹೇಗೆ ನಿಲ್ಲಬಾರದು ಎಂಬುದನ್ನೂ ಇದೇ ಶಾಲೆಯ ಅಂಗಳದಲ್ಲೇ ನಾಡು ನೋಡಿತು. 2020ರ ಜನವರಿಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಕುರಿತು ಮಕ್ಕಳು ಆಡಿದ ನಾಟಕಕ್ಕಾಗಿ ರಾಜದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯಶಿಕ್ಷಕಿ ಮತ್ತು ಒಬ್ಬ ಬಾಲಕಿಯ ತಾಯಿ ಬಂಧಿತರಾದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಪ್ರಾಥಮಿಕ ತರಗತಿಯ ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರದಲ್ಲೇ, ಶಸ್ತ್ರ ಹಿಡಿದೇ ವಿಚಾರಣೆ ನಡೆಸಿದ್ದನ್ನು ಫೋಟೊಗಳಲ್ಲಿ ಕಂಡ ಹೈಕೋರ್ಟ್, 2021ರ ಆಗಸ್ಟ್‌ನಲ್ಲಿ ಇದು ಮೇಲ್ನೋಟಕ್ಕೇ ಮಕ್ಕಳ ಹಕ್ಕುಗಳ ಹಾಗೂ ಬಾಲ ನ್ಯಾಯ ಕಾನೂನಿನ ಗಂಭೀರ ಉಲ್ಲಂಘನೆ ಎಂದಿತು. ರಾಜದ್ರೋಹದ ಪ್ರಕರಣವನ್ನು 2023ರ ಜೂನ್‌ನಲ್ಲಿ ಕಲಬುರಗಿ ಪೀಠ ರದ್ದುಪಡಿಸಿತು. ಆ ಮಕ್ಕಳು ಯಾವ ತಪ್ಪಿನ ಆರೋಪವನ್ನೂ ಹೊತ್ತವರಲ್ಲ. ನಾಟಕವಾಡಿದ ಕೂಸುಗಳ ಪಾಡೇ ಹೀಗಾದರೆ, ಕಳವಿನ ಅನುಮಾನದ ಮೇಲೆ ಎಳೆತಂದ ತಾಂಡಾದ ಹುಡುಗನ ಪಾಡು ಯಾರ ಕಣ್ಣಿಗೆ ಬೀಳಬೇಕು? ಅವನ ಫೋಟೊ ಹೈಕೋರ್ಟ್ ತನಕ ಹೋಗುವುದಿಲ್ಲ.

2015ರ ಬಾಲ ನ್ಯಾಯ ಕಾಯ್ದೆ ಈ ವಿಷಯದಲ್ಲಿ ಊರ ಕಟ್ಟೆಗಿಂತ ಎಷ್ಟೋ ಮುಂದಿದೆ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ಎದ್ದ ಸಿಟ್ಟಿನಲ್ಲಿ ಬಂದ ಕಾಯ್ದೆ ಇದು. 16 ದಾಟಿದವರು ಘೋರ ಅಪರಾಧ ಮಾಡಿದರೆ ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದಾದ ದಾರಿಯನ್ನು ತೆರೆದದ್ದರಿಂದಲೇ ಜನ ಅದನ್ನು ಬಲ್ಲರು. ಉಳಿದ ಭಾಗವನ್ನು ಬಲ್ಲವರು ಕಡಿಮೆ. ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರತಿ ಠಾಣೆಯಲ್ಲೂ ಮಕ್ಕಳ ವಿಷಯಕ್ಕೆಂದೇ ಒಬ್ಬ ಅಧಿಕಾರಿ ಇರಬೇಕು. ಸಣ್ಣಪುಟ್ಟ ತಪ್ಪುಗಳಿಗೆ ಎಫ್‌ಐಆರ್ ಹಾಕದೆ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡು ಮಗುವಿನ ಮನೆಯ ಸ್ಥಿತಿಗತಿಯ ವರದಿಯನ್ನು ಮಂಡಳಿಗೆ ಕೊಡಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಸೇವಕರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಬುದ್ಧಿ ಹೇಳಿ ಮನೆಗೆ ಕಳಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಕಸುಬು ಕಲಿಕೆ ಇವೆಲ್ಲ ಅವರ ಕೈಯಲ್ಲಿವೆ. ಶಾಲೆಗೆ ಹೋಗು ಎಂದು ಆದೇಶಿಸುವ ಅಧಿಕಾರವೂ ಇದೆ. ತಪ್ಪು ಮಾಡಿದ ಮೇಲೆ ಕಾನೂನು ಬರೆದುಕೊಡುವ ಔಷಧ ಶಾಲೆಯೇ ಆಗಿರುವಾಗ, ಅದನ್ನು ತಪ್ಪಿಗೆ ಮುಂಚೆ ಕೊಡದೆ ಇರುವುದು ಅನ್ಯಾಯ.

ಇದೇ ಕಾಯ್ದೆ ದೊಡ್ಡವರನ್ನೂ ಬಿಟ್ಟಿಲ್ಲ. ಗಾಂಜಾ, ಸಾರಾಯಿ ಸಾಗಿಸಲು, ಮಾರಲು ಮಕ್ಕಳನ್ನು ಬಳಸಿದವರಿಗೆ ಏಳು ವರ್ಷದವರೆಗೆ ಕಠಿಣ ಸಜೆಯಿದೆ. ಎರಡು ರಾಜ್ಯಗಳಿಗೆ ಅಂಟಿಕೊಂಡಿರುವ ಔರಾದದಂಥ ತಾಲ್ಲೂಕಿನಲ್ಲಿ ಪೊಲೀಸರ ಖಡಕ್ಕುತನ ಬೇಕಾಗಿರುವುದು ಚೀಲ ಹೊತ್ತ ಹುಡುಗನ ಮೇಲಲ್ಲ, ಹೊರಿಸಿದವನ ಮೇಲೆ.

ಊರಿನ ಪಾಲು ಏನೆಂದು ಕೇಳುವವರಿಗೆ ಭಾಲ್ಕಿ ಹಿರೇಮಠ ಕಣ್ಣೆದುರಿಗಿದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಮಠ ಅದು. ಅವರ ನಂತರ ಬಂದ ಬಸವಲಿಂಗ ಪಟ್ಟದ್ದೇವರು, ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಮಠದ ಮಕ್ಕಳೆಂದೇ ಸಾಕಿ ಓದಿಸಿದರು. ಕರಡ್ಯಾಳದ ಗುರುಕುಲ ಆ ಪರಂಪರೆಯದೇ. ಬಾಲ ನ್ಯಾಯ ಕಾಯ್ದೆಯ 51ನೇ ಕಲಂ, ಮಗುವಿನ ಹೊಣೆಯನ್ನು ತಾತ್ಕಾಲಿಕವಾಗಿ ಹೊರಬಲ್ಲ ಸಂಸ್ಥೆಗಳನ್ನು ಯೋಗ್ಯವೆಂದು ಮಾನ್ಯ ಮಾಡಲು ಅವಕಾಶ ಕೊಟ್ಟಿದೆ. ಇಂಥ ಗುರುಕುಲ, ಮಠ, ಶಿಕ್ಷಣ ಸಂಸ್ಥೆಗಳು ಮುಂದೆ ಬಂದರೆ, ಮಂಡಳಿ ಸೂಚಿಸಿದ ಸಮಾಲೋಚನೆಗೂ ಕಸುಬು ಕಲಿಕೆಗೂ ಹುಡುಗ ತನ್ನ ತಾಲ್ಲೂಕು ಬಿಟ್ಟು ದೂರ ಹೋಗಬೇಕಿಲ್ಲ, ಅಪ್ಪ ಪ್ರತಿ ಸಲ ಒಂದು ದಿನದ ಕೂಲಿ ಬಿಟ್ಟು ಬೀದರಿಗೆ ಅಲೆಯಬೇಕಿಲ್ಲ.

ಅದಕ್ಕೂ ಮೊದಲು ಪಂಚಾಯಿತಿಗಳು ಮಾಡಬಹುದಾದ ಕೆಲಸವೊಂದಿದೆ, ಹೊಸ ಅನುದಾನ ಬೇಡದ ಕೆಲಸ. 2013ರಲ್ಲಿ ಹೈಕೋರ್ಟ್ ತಾನಾಗಿ ಕೈಗೆತ್ತಿಕೊಂಡ ಪ್ರಕರಣದ ಫಲವಾಗಿ, ಸತತ ಏಳು ದಿನ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದೇ ಎಣಿಸಬೇಕೆಂಬ ನಿಯಮ ಕರ್ನಾಟಕದಲ್ಲಿ ಬಂದಿದೆ. ಆ ಎಚ್ಚರ ಒಂಬತ್ತು, ಹತ್ತನೇ ಇಯತ್ತೆಗೂ ಬರಲಿ. ಎಂಟೋ ಹತ್ತೋ ದಿನ ಕಾಣದ ಹುಡುಗನ ಮನೆಗೆ ಶಿಕ್ಷಕರೊಬ್ಬರು, ಎಸ್‌ಡಿಎಂಸಿಯ ಒಬ್ಬ ಸದಸ್ಯ ಹೋಗಿ ಬರಲಿ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಭಾಷಣ, ಬಿಸ್ಕೀಟಿಗಿಂತ ಮೊದಲು, ಹೋದ ವರ್ಷ ಎಂಟನೇ ಇಯತ್ತೆ ಮುಗಿಸಿದವರಲ್ಲಿ ಈಗ ಯಾರ‍್ಯಾರು ಶಾಲೆಯಲ್ಲಿಲ್ಲ ಎಂಬ ಲೆಕ್ಕವನ್ನು ಪಿಡಿಒ ಕೊಡಲಿ. ಎಸ್ಸೆಸ್ಸೆಲ್ಸಿ ನಪಾಸಾದವರ ಮನೆಗಳಿಗೆ ಫಲಿತಾಂಶದ ವಾರದೊಳಗೇ ಶಿಕ್ಷಕರು ಹೋಗಲಿ; ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಬಾಗಿಲು ಸಂಜೆ ಹೊತ್ತು ಅವರಿಗಾಗಿ ತೆರೆದಿರಲಿ, ಎರಡನೇ ಪರೀಕ್ಷೆಗೆ ಶುಲ್ಕವಿದ್ದರೆ ಅದನ್ನು ಪಂಚಾಯಿತಿಯೋ ಊರ ಹಳೆ ವಿದ್ಯಾರ್ಥಿಗಳೋ ಕಟ್ಟಲಿ.