ಮೋಡ ಇಲ್ಲದ ದಿನದ ಗುಡ್ಡ

ಮೊನ್ನೆ ಹಾಕಿದ ಗುಡ್ಡದ ಫೋಟೋ ನೋಡಿ ಇನ್‌ಬಾಕ್ಸಲ್ಲಿ ನಾಲ್ಕೈದು ಜನ ಕೇಳಿದ್ರಿ: "ಅಣ್ಣ, ನೀವೂ ಸೀನರಿ ಹಾಕೋಕೆ ಶುರು ಮಾಡಿದ್ರಾ? ಅದೂ ಮೋಡಾನೇ ಇಲ್ಲದ ಬೋಳು ಆಕಾಶ!" ಉತ್ತರ ಕಾಮೆಂಟಲ್ಲಿ ಹಿಡಿಯಲ್ಲ, ಇಲ್ಲೇ ಬರೀತೀನಿ.

ನಮ್ಮ ಜಿಲ್ಲೆಯ ಫೋಟೋಗೆ ಒಂದು ಶಾಸ್ತ್ರ ಇದೆ. ಮುಳ್ಳಯ್ಯನಗಿರಿ, ದೇವರಮನೆ, ಚಾರ್ಮಾಡಿ, ಎಲ್ಲೇ ಆಗಲಿ, ಮಂಜು ಇರಬೇಕು, ಮೋಡ ಇರಬೇಕು. ಕರೆಂಟ್ ತಂತಿ, ಶೀಟಿನ ಮನೆ, ಮನುಷ್ಯರು ಇರಬಾರದು. ಆಕಾಶ ಶುಭ್ರ ಆಯ್ತೋ, ಕ್ಯಾಮೆರಾ ಬ್ಯಾಗಿಗೆ.

ಆ ಮೋಡದ ಕಾಲ ಲೈನ್ ಮನೆಯವರಿಗೆ ಯಾವುದು? ಜೋರು ಮಳೆ ಹಿಡಿದು ಕೆಲಸ ನಿಲ್ಲೋ ಕಾಲ, ಸೋರೋ ಮಾಡಿಗೆ ಟಾರ್ಪಾಲು ಹೊದಿಸೋ ಕಾಲ. ಮೋಡ ಇಲ್ಲದ ಡಿಸೆಂಬರ್, ಜನವರಿ, ಫೆಬ್ರವರಿ ಕೊಯ್ಲಿನ ಕಾಲ. ಹಣ್ಣು ಬಿಡಿಸಿ, ಕೆಜಿ ಲೆಕ್ಕ ಬರೆಸಿ, ಕಣದಲ್ಲಿ ಹರವಿ ಒಣಗಿಸಬೇಕು. ಕಣಕ್ಕೆ ಬಿಸಿಲು ಬೇಕೇ ಬೇಕು. ಫೋಟೋದವರಿಗೆ "ಏನೂ ಇಲ್ಲದ ಆಕಾಶ"ದ ಕೆಳಗೇ ಈ ಮಲೆನಾಡಿನ ದುಡ್ಡೆಲ್ಲ ಹುಟ್ಟೋದು.

ಇನ್ನು ನನ್ನ ನಿಯಮ. ಮನುಷ್ಯರಿಲ್ಲದ ಫೋಟೋ ತೆಗೆಯಲ್ಲ ಅಂತ ಇಷ್ಟು ವರ್ಷ ಹಟ ಹಿಡಿದಿದ್ದೆ. ಅದನ್ನ ಈ ಸಲ ಬೇಕಂತಲೇ ಮುರಿದೆ. ಕಾರಣ ಸರಳ. ಲೈನ್ ಮನೆ ತೋಟದ್ದು. ಕೆಲಸ ಹೋದ್ರೆ ಮನೇನೂ ಹೋಯ್ತು. ದೊಡ್ಡ ತೋಟಗಳಲ್ಲಿ ಮಾಲೀಕನೇ ಮನೆ ಕೊಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತ್ತು. ಆ ಮನೆ ನಿನ್ನದಾಗುತ್ತೆ ಅಂತ ಹೇಳಿರಲಿಲ್ಲ. ಅಂಥ ಬಿಸಿಲಲ್ಲಿ ಮುಖ ಎಷ್ಟು ಚೆನ್ನಾಗಿ ಬೀಳುತ್ತೆ ಅಂದ್ರೆ, ರೈಟರ್ ಮೊಬೈಲಲ್ಲಿ ಝೂಮ್ ಮಾಡಿ ಹೆಸರು ಹೇಳಬಹುದು.

ಜನರನ್ನ ಬಿಟ್ಟು ಗುಡ್ಡ ತೆಗೆದೆ. ಬೆಳಿಗ್ಗೆ ಮಂಜು ಹರಿದ ಮೇಲೆ, ಸೂರ್ಯ ಇನ್ನೂ ಪಕ್ಕದಲ್ಲಿದ್ದಾಗ. (ನೆತ್ತಿ ಮೇಲೆ ಬಂದ್ರೆ ಗುಡ್ಡ ಚಪ್ಪಟೆ, ಅದರಲ್ಲಿ ಶಾಸ್ತ್ರದವರು ಹೇಳೋದು ಸರೀನೇ.) ಪಕ್ಕದ ಬೆಳಕಲ್ಲಿ ಪ್ರತಿ ಮಡಿಕೆಗೂ ನೆರಳು ಬೀಳುತ್ತೆ, ಬೇಲಿ ಬೇಲಿ ಎಣಿಸಬಹುದು. ಈಗ ಇನ್ನೊಮ್ಮೆ ಆ ಫೋಟೋ ನೋಡಿ. ಮೇಲೆ ದಿಬ್ಬದಲ್ಲಿ ಬಂಗಲೆ. ಸಿಲ್ವರ್ ಓಕ್ ಸಾಲು ಕಾಡಿನ ಒಳಗೆ ಎಲ್ಲಿವರೆಗೆ ಹತ್ತಿದೆ ನೋಡಿ. ಕೆಳಗೆ ಹಳ್ಳದ ಪಕ್ಕ ಬೆಂಕಿಪೊಟ್ಟಣ ಜೋಡಿಸಿದ ಹಾಗೆ ಒಂದೇ ಸಾಲು, ಅದೇ ಲೈನು. ಮಂಜು ಇದ್ದಿದ್ರೆ ಇದ್ಯಾವುದೂ ಕಾಣ್ತಿರಲಿಲ್ಲ, ಲೈಕು ಮಾತ್ರ ಜಾಸ್ತಿ ಬೀಳ್ತಿತ್ತು!

2022ರಲ್ಲಿ ಭೂಕಂದಾಯ ಕಾಯಿದೆಗೆ ತಿದ್ದುಪಡಿ ತಂದ್ರು. ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ, 30 ವರ್ಷದವರೆಗೆ ಗುತ್ತಿಗೆ. ಲೈನಿನವರು ಒಂದು ಸೈಟು ಕೇಳಿದ್ರೆ ಮಾತ್ರ "ಅದು ಫಾರೆಸ್ಟು", "ಅದು ಡೀಮ್ಡು". ಮೂಡಿಗೆರೆ ಮೀಸಲು ಕ್ಷೇತ್ರ, ಕಳಸಾನೂ ಅದರೊಳಗೇ. ಶಾಸಕರು ನಮ್ಮವರೇ, ಸ್ಮಶಾನಕ್ಕೆ ಹೋಗೋ ದಾರಿ ಮಾತ್ರ ಇನ್ನೊಬ್ಬರ ತೋಟದೊಳಗೆ.

ಗುಡ್ಡದ ಚಂದವನ್ನ ರೆಸಾರ್ಟ್‌ನವರಿಗೆ ಬಿಟ್ಟುಕೊಟ್ಟು ನಾವು ಬರೀ ನೋವಿನ ಫೋಟೋ ಹಾಕ್ತಾ ಕೂರಬೇಕು ಅನ್ನೋದೂ ನನಗೆ ಒಪ್ಪಿಗೆ ಇಲ್ಲ. ಆ ಇಳಿಜಾರು ಕಡಿದು ಗಿಡ ನೆಟ್ಟವರು ನಮ್ಮ ಅಜ್ಜಿ ತಾತಂದಿರು. ಚಂದ ಇದೆ, ಹೌದು, ಅದನ್ನ ಹೇಳೋಕೆ ನಾಚಿಕೆ ಯಾಕೆ?

ಒಂದು ನಿಯಮ ಮುರಿಯಲ್ಲ: ಕೇಳದೆ ಯಾರ ಮುಖಾನೂ ತೆಗೆಯಲ್ಲ. ಬಿಸಿಲು ಇರೋ ಅಷ್ಟು ದಿನದಲ್ಲಿ ನಿಮ್ಮ ನಿಮ್ಮ ಊರಿನ ಗುಡ್ಡಾನೂ ಹೀಗೇ ತೆಗೆದು ಕಳ್ಸಿ. ಲೈನು, ಬೇಲಿ, ಸ್ಮಶಾನ ಫ್ರೇಮಲ್ಲಿ ಬರಲಿ. ಲೊಕೇಶನ್ ಆಫ್ ಮಾಡ್ಕೊಳ್ಳಿ, ತೋಟದ ಹೆಸರು ಬರೀಬೇಡಿ.

ಜೈಭೀಮ್.